ಮೂರು ದಿನ ಉಳಿಯುವ ಮಾತು

ನಮ್ಮ ಹೋಟೆಲಿನಲ್ಲಿ ಆರ್ಡರು ಬರೆಯುವ ಪದ್ಧತಿ ಇಲ್ಲ, ಕೂಗುವುದು. ಠಾಣೆ ಸ್ಟೇಷನ್ನಿನ ಪಶ್ಚಿಮಕ್ಕೆ ಒಂದು ಗಲ್ಲಿಯಲ್ಲಿರುವ ಉಡುಪಿ ಹೋಟೆಲು ಅದು. ನಾನಲ್ಲಿ ದೋಸೆ ಮಾಸ್ಟರು. ಸಪ್ಲಾಯರು ಗಿರಾಕಿಯ ಮಾತು ಕೇಳಿಕೊಂಡು, ಜನ ಕೂರುವ ಹಾಲಿಗೂ ಅಡುಗೆಮನೆಗೂ ನಡುವೆ ಇರುವ ಕಿಟಕಿಗೆ ಬಂದು, "ದೋ ಮಸಾಲಾ, ಏಕ್ ಸಾದಾ ಕಡಕ್, ಏಕ್ ಮೈಸೂರು" ಎಂದು ಒಂದೇ ಉಸಿರಿಗೆ ಕೂಗಿ ಹೋಗುತ್ತಾನೆ. ನನ್ನ ತವಾ ಗೋಡೆಗೆ ಮುಖ ಮಾಡಿ ಕೂತಿದೆ, ಹಾಗಾಗಿ ಕಿಟಕಿ ನನ್ನ ಬೆನ್ನಿಗೆ. ತಿರುಗಿ ನೋಡದೆ "ಹಾಂ" ಅನ್ನಬೇಕು, ಕೈ ನಿಲ್ಲಬಾರದು. ಒಂದು ಸಲಕ್ಕೆ ಆರು ದೋಸೆ ತವಾದ ಮೇಲೆ, ಹತ್ತು ಹದಿನೈದು ತಲೆಯೊಳಗೆ. ನಾನು ತವಾ ಹಿಡಿದಂದಿನಿಂದ ಹೀಗೇ ನಡೆದಿತ್ತು.

ಧಣಿ ಒಮ್ಮೆ ಆರ್ಡರಿನ ಚೀಟಿ ಅಚ್ಚಾಗಿ ಬರುವ ಮೆಷಿನ್ ತಂದಿದ್ದರು. ಕಿಟಕಿಯ ಹಬೆಗೆ ಅದರ ಕಾಗದ ಮೆತ್ತಗಾಗಿ, ಸುರುಳಿ ಸುತ್ತಿಕೊಂಡು, ಚಟ್ನಿಯ ಪಾತ್ರೆಗೆ ಬೀಳತೊಡಗಿತು. ತಿಂಗಳೊಳಗೆ ಮೆಷಿನ್ ಅಟ್ಟ ಸೇರಿತು. ಅದನ್ನು ನೋಡಿ ಹೆಚ್ಚು ನಕ್ಕವನು ನಾನೇ.

ನನ್ನ ಕಿವಿ ಹೋಗುತ್ತಿದೆ ಎಂದು ನನಗೆ ಗೊತ್ತಾಗಿ ಎರಡು ವರ್ಷವಾಗಿತ್ತು. ಮೊದಲು ಹೋದದ್ದು ಮಾತಿನ ಬಾಲ. ಯಾರಾದರೂ ಮಾತಾಡಿದರೆ ಶುರುವಾದದ್ದು ತಿಳಿಯುತ್ತಿತ್ತು, ಮುಗಿದದ್ದು ತಿಳಿಯುತ್ತಿರಲಿಲ್ಲ. ಡೊಂಬಿವಿಲಿಯಲ್ಲಿ, ನಮ್ಮ ಮನೆಯ ಹತ್ತಿರವೇ, ಕಿವಿಯ ಡಾಕ್ಟರಿಗೆ ತೋರಿಸಿದೆ. ನರ ಸೋತಿದೆ, ಕಿವಿಗೆ ಮೆಷಿನ್ ಹಾಕಿಕೊಳ್ಳಿ ಅಂದರು. ಅವರು ಕೊಟ್ಟ ಕಾಗದವನ್ನು ಕಪಾಟಿನಲ್ಲಿ ಹೆಂಡತಿಯ ಸೀರೆಗಳ ಅಡಿಗೆ ಇಟ್ಟು, ಡಾಕ್ಟರಿಗೇನು ಗೊತ್ತು ಎಂದು ಕೆಲಸಕ್ಕೆ ಹೋದೆ. ಇನ್ನೊಂದು ಹೋಟೆಲಿನ ಮಾಸ್ಟರೊಬ್ಬರಿಗೆ ಕೈ ನಡುಗಲು ಶುರುವಾದ ವಾರವೇ ತವಾದಿಂದ ಇಳಿಸಿ ಕೊತ್ತಂಬರಿ ಸೊಪ್ಪು ಬಿಡಿಸಲು ಕೂರಿಸಿದ್ದನ್ನು ಕಣ್ಣಾರೆ ಕಂಡವನು ನಾನು. ಕಿವಿಯಲ್ಲಿ ಮೆಷಿನ್ ಸಿಕ್ಕಿಸಿಕೊಂಡು ಹೋದರೆ ನನಗೂ ಅದೇ ಗತಿ ಎಂದು ತೀರ್ಮಾನಿಸಿಬಿಟ್ಟಿದ್ದೆ. ತವಾ ಬಿಟ್ಟರೆ ನನಗೆ ಬೇರೆ ಏನೂ ಬರುವುದಿಲ್ಲ. ಅದು ನಾಚಿಕೆಯ ಮಾತಲ್ಲ, ನಿಜ.

ಹಾಗಾಗಿ ಉಪಾಯ ಹೂಡಿದೆ. ಎಕ್ಸಾಸ್ಟ್ ಫ್ಯಾನಿನ ಗದ್ದಲ ಎಂದು ಬೈದು ಎಲ್ಲರೂ ಜೋರಾಗಿ ಕೂಗುವ ಹಾಗೆ ಮಾಡಿದೆ. ಕೂಗಿದ್ದನ್ನು ನಾನೂ ಒಮ್ಮೆ ಕೂಗಿ ಹೇಳುತ್ತಿದ್ದೆ, ತಪ್ಪಿದ್ದರೆ ಅವರು ತಿದ್ದಲಿ ಎಂದು. ತಿದ್ದಿದ್ದು ಕೇಳಬೇಕಲ್ಲ, ಅದು ಬೇರೆ ವಿಷಯ. ಉಳಿದದ್ದು ಅಂದಾಜು. ಹನ್ನೊಂದು ಗಂಟೆಗೆ ಬರುವವರು ಮೈಸೂರು ಕೇಳುತ್ತಾರೆ, ನಾಲ್ಕಕ್ಕೆ ಕಾಲೇಜಿನವರು ಚೀಸ್ ಕೇಳುತ್ತಾರೆ. ಇದರಲ್ಲೇ ಎರಡು ವರ್ಷ ಕಳೆಯಿತು.

ಅಂದಾಜಿಗೆ ಬಗ್ಗದ್ದು ಒಂದೇ, ಜೈನ್ ಆರ್ಡರು. ಜೈನ್ ಎಂದರೆ ಈರುಳ್ಳಿ, ಬೆಳ್ಳುಳ್ಳಿ, ಬಟಾಟೆ ಯಾವುದೂ ಇಲ್ಲ. ಒಳಗಿನ ಪಲ್ಯ ಬಾಳೆಕಾಯಿಯದ್ದು, ಸಟ್ಟುಗ ಬೇರೆ, ತವಾ ಒಮ್ಮೆ ತೊಳೆದೇ ಹಿಟ್ಟು ಎರೆಯಬೇಕು. ಈ ಪದವನ್ನು ನಮ್ಮಲ್ಲಿ ಕೂಗಿನ ಕೊನೆಗೆ ಸೇರಿಸುವುದು ಪದ್ಧತಿ: "ದೋ ಮಸಾಲಾ, ಏಕ್ ಜೈನ್." ನನಗೆ ಕೇಳದೇ ಹೋಗುತ್ತಿದ್ದುದು ಅದೇ ಕೊನೆ.

ಪ್ರತಿ ಗುರುವಾರ ಬಸದಿಗೆ ಹೋಗಿ ಬರುತ್ತ ಒಬ್ಬ ಮುದುಕಿ ನಮ್ಮಲ್ಲಿಗೆ ಬರುತ್ತಿದ್ದರು. ಗುಜರಾತಿಗಳು ಅಜ್ಜಿಗೆ ಹೇಳುವ ಹಾಗೆ ಎಲ್ಲರೂ ಅವರನ್ನು 'ಬಾ' ಎಂದೇ ಕರೆಯುವುದು. ಹೊರಗೆ ನಮ್ಮ ಹೋಟೆಲು ಒಂದು ಬಿಟ್ಟು ಬೇರೆಲ್ಲೂ ನೀರೂ ಮುಟ್ಟದ ಮನುಷ್ಯರು. ಒಂದು ಗುರುವಾರ ಅವರಿಗೆ ಹೋದದ್ದು ಬಟಾಟೆ ಈರುಳ್ಳಿಯ ಮಸಾಲೆ ದೋಸೆ. ಬಾಳೆಕಾಯಿ ಪಲ್ಯವೂ ನೋಡಲು ಹಾಗೇ ಹಳದಿ. ಅರ್ಧ ತಿಂದ ಮೇಲೆ ಅವರಿಗೆ ಗೊತ್ತಾಯಿತು. ಬೈಯಲಿಲ್ಲ, ಯಾರನ್ನೂ ಕರೆಯಲಿಲ್ಲ. ಎದ್ದು ಬೇಸಿನ್ನಿಗೆ ಹೋಗಿ ಬಾಯಿ ತೊಳೆದರು, ಮತ್ತೆ ತೊಳೆದರು, ಮತ್ತೂ ತೊಳೆದರು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹೋದರು.

ಆ ಟೇಬಲ್ಲು ಹಿರಿಯ ಸಪ್ಲಾಯರನದು. ನಾನೂ ಅವನೂ ಇಪ್ಪತ್ತು ವರ್ಷದಿಂದ ಒಂದೇ ಹೋಟೆಲಿನಲ್ಲಿ ಇದ್ದೇವೆ, ಒಂದೇ ತುಳು ಮಾತಾಡುತ್ತೇವೆ. ಮೂರು ಗಂಟೆಗೆ ಗಿರಾಕಿ ಕಡಿಮೆಯಾದಾಗ ಕಿಟಕಿಗೆ ಬಂದು "ವನಸ್ ಆಂಡಾ ಮಾಸ್ಟ್ರೆ?" ಎಂದು ನನ್ನ ಊಟ ಆಯಿತಾ ಎಂದು ಕೇಳದೆ ತಾನು ಎಲೆಗೆ ಕೂತವನಲ್ಲ. ಧಣಿ ಅಡುಗೆಮನೆಗೆ ಬಂದು ಯಾರ ತಪ್ಪು ಎಂದಾಗ ಅವನು, "ನಾನು ಜೈನ್ ಅಂತ ಕೂಗಿದ್ದೇನೆ ಧಣಿ" ಅಂದ.

"ಕೂಗಲೇ ಇಲ್ಲ," ಅಂದೆ ನಾನು.

ಆ ಗಳಿಗೆಗೆ ಅದು ನನಗೆ ಸುಳ್ಳು ಅನ್ನಿಸಲಿಲ್ಲ. ನನಗೆ ಕೇಳದ್ದನ್ನು ಅವನು ಕೂಗಿಯೇ ಇಲ್ಲ ಎಂದು ನನ್ನ ತಲೆ ತಾನೇ ನಿರ್ಧಾರ ಮಾಡಿತು. ಮನೆಗೆ ಹೋಗುವ ರೈಲಿನಲ್ಲಿ ಮಾತ್ರ, ಕೂಗಿದ್ದರೂ ಕೂಗಿರಬಹುದು ಅನ್ನಿಸಿತು. ಮರುದಿನದಿಂದ ಅವನು ಊಟ ಆಯಿತಾ ಎಂದು ಕೇಳುವುದನ್ನು ನಿಲ್ಲಿಸಿದ. ಬಾ ಮುಂದಿನ ಗುರುವಾರ ಬರಲಿಲ್ಲ, ಅದರ ಮುಂದಿನ ಗುರುವಾರವೂ ಇಲ್ಲ.

ಇದಾಗಿ ಕೆಲವು ದಿನಕ್ಕೆ ಬೆಳಿಗ್ಗೆ ಎಂಟರ ಸುಮಾರಿಗೆ ಡೊಂಬಿವಿಲಿಯಲ್ಲಿ ಲೋಕಲ್ ಹತ್ತಿದೆ. ಹತ್ತಿದೆ ಅನ್ನುವುದು ಮಾತಿಗೆ; ಹಿಂದಿನವರು ಹತ್ತಿಸಿದರು. ನನ್ನ ಫೋನು ಅಂಗಿಯ ಕಿಸೆಯಲ್ಲಿತ್ತು. ದಿವಾ ಸ್ಟೇಷನ್ ದಾಟುವಷ್ಟರಲ್ಲಿ ಸುತ್ತಲಿನವರೆಲ್ಲ ನನ್ನನ್ನೇ ನೋಡಿ ನಗುತ್ತಿರುವುದು ಕಂಡಿತು. ಮುಖಕ್ಕೇನಾದರೂ ಹಿಟ್ಟು ಮೆತ್ತಿದೆಯೋ ಎಂದು ಒರೆಸಿಕೊಂಡೆ. ಒಬ್ಬ ನನ್ನ ಎದೆಯ ಕಡೆಗೆ ಬೆರಳು ತೋರಿಸಿದ. ಫೋನು ತೆಗೆದರೆ ಪರದೆ ತುಂಬ ಹಸಿರು ಚೌಕಟ್ಟು, ಬೆರಳು ಮುಟ್ಟಿದರೆ ಏನೂ ತೆರೆಯುವುದಿಲ್ಲ. ಆಫ್ ಮಾಡಲು ಹೋದಷ್ಟೂ ಜನ ಜೋರಾಗಿ ನಗುತ್ತಾರೆ. ಎಂಥ ಅವಸ್ಥೆ ಮಾರಾಯ್ರೆ!

ಪಕ್ಕದಲ್ಲಿ ಕಪ್ಪು ಕನ್ನಡಕ ಹಾಕಿ, ಮಡಚಿದ ಬಿಳಿ ಕೋಲು ಹಿಡಿದ ಒಬ್ಬರು ನಿಂತಿದ್ದರು. ಅವರು ಕೈ ಚಾಚಿ ನನ್ನ ತೋಳು ಹುಡುಕಿ ಹಿಡಿದು, ಕಿವಿಗೆ ಬಾಯಿ ತಂದು ಕನ್ನಡದಲ್ಲೇ ಕೂಗಿದರು: "ನಿಮ್ಮ ಫೋನ್ ಇಲ್ಲಿ ಕೊಡ್ರಿ! ಬಾಯಿ ಮುಚ್ಚವಲ್ದು ಅದು!"

ಕೊಟ್ಟೆ. ಪಕ್ಕದ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿ ಹಿಡಿದರು, ಚೌಕಟ್ಟು ಹೋಯಿತು. ಆಮೇಲೆ ತಿಳಿದದ್ದು ಇಷ್ಟು. ಪರದೆಯ ಮೇಲೆ ಇರುವುದನ್ನೆಲ್ಲ ಗಟ್ಟಿಯಾಗಿ ಓದಿ ಹೇಳುವ ಒಂದು ಸೌಕರ್ಯ ಫೋನಿನೊಳಗೇ ಇರುತ್ತದೆ, ಕಣ್ಣು ಕಾಣದವರಿಗೆಂದು. ರಶ್ಶಿಗೆ ಸೌಂಡಿನ ಎರಡೂ ಗುಂಡಿ ಒಟ್ಟಿಗೆ ಅದುಮಿ ಅದು ಶುರುವಾಗಿತ್ತು. ನಾನು ಸೌಂಡು ಪೂರ್ತಿ ಏರಿಸಿ ಇಟ್ಟುಕೊಂಡವನು. ನನ್ನ ಫೋನಿನ ಭಾಷೆ ಕನ್ನಡ. ಹಾಗಾಗಿ ಗಂಟೆ ಎಷ್ಟು, ಬ್ಯಾಟರಿ ಎಷ್ಟು, ಹೆಂಡತಿ ಕಳಿಸಿದ ಮೆಸೇಜು ಏನು ಎಲ್ಲವನ್ನೂ ಅದು ರೈಲಿನ ಡಬ್ಬಿಗೆಲ್ಲ ಕನ್ನಡದಲ್ಲಿ ಸಾರುತ್ತ ಬಂದಿದೆ. ಕೇಳದಿದ್ದವನು ಇಡೀ ಡಬ್ಬಿಯಲ್ಲಿ ನಾನೊಬ್ಬನೇ.

ಅವರು ವಿಜಯಪುರದ ಕಡೆಯವರು, ಬೇಲಾಪುರದ ಒಂದು ಸರಕಾರಿ ಆಫೀಸಿನಲ್ಲಿ ಟೆಲಿಫೋನ್ ಆಪರೇಟರ್. ಠಾಣೆಯಲ್ಲಿ ಇಳಿದು ನವಿ ಮುಂಬಯಿಯ ಗಾಡಿ ಹಿಡಿಯಬೇಕಾದವರು. ಇಳಿದ ಮೇಲೆ ನನ್ನನ್ನು ಬೆಂಚಿನ ಮೇಲೆ ಕೂರಿಸಿ, ಕಿವಿಯ ಹತ್ತಿರವೇ ಬಾಯಿ ತಂದು ಮಾತಾಡಿದರು.

"ಎದಿ ಮ್ಯಾಲಿನ ಫೋನು ನಿಮಗ ಕೇಳ್ಸಲಿಲ್ಲ. ಎಷ್ಟ್ ದಿನ ಆತ್ರೀ?"

ಡಾಕ್ಟರಿಗೆ, ಹೆಂಡತಿಗೆ ಬಿಟ್ಟರೆ ಯಾರಿಗೂ ಹೇಳದ್ದನ್ನು ಗುರುತಿಲ್ಲದವರಿಗೆ ಹೇಳಿದೆ. ಅವರಿಗೆ ನನ್ನ ಮುಖ ಕಾಣುವುದಿಲ್ಲ ಎಂಬುದೇ ಧೈರ್ಯ ಕೊಟ್ಟಿರಬೇಕು.

"ನಾನು ಬಳಸೂದು, ನೀವು ಬಳಸೂದು ಎಲ್ಲಾ ಒಂದ ಪಟ್ಟಿಯೊಳಗ ಐತ್ರಿ," ಅಂದರು. "ಯಾರೂ ಅಲ್ಲಿ ತನಕ ಹೋಗಂಗಿಲ್ಲ. ಸೆಟ್ಟಿಂಗ್ಸಿನಾಗ ಕೆಳಗ ಹೋಗ್ರಿ, ಮನಷ್ಯಾನ ಚಿತ್ರ ಇರೂ ಸಾಲು. ಬೇಲಾಪುರದ ಗಾಡಿ ಒಂದ್ ಹೋದ್ರ ಇನ್ನೊಂದ್ ಬರತೈತಿ, ಸಾವಕಾಶ ನೋಡ್ರಿ."

ಅವರು ಹೇಳುತ್ತ ಹೋದರು, ನಾನು ಒತ್ತುತ್ತ ಹೋದೆ. ನಾಲ್ಕು ವರ್ಷ ಕಿಸೆಯಲ್ಲಿಟ್ಟುಕೊಂಡು ತಿರುಗಿದ ಫೋನು. ಅದರೊಳಗೆ ಇಷ್ಟೆಲ್ಲ ಇದೆಯೆಂದು ಗೊತ್ತೇ ಇರಲಿಲ್ಲ. ಕರೆ ಬಂದರೆ ಹಿಂದಿನ ಲೈಟು ಮಿಂಚುವ ಹಾಗೆ ಮಾಡಬಹುದು. ಅಕ್ಷರ ಹೆಬ್ಬೆರಳಿನಷ್ಟು ದೊಡ್ಡದು ಮಾಡಬಹುದು. ಇಯರ್‌ಫೋನ್ ಹಾಕಿದರೆ ಎದುರಿನ ಮಾತನ್ನು ಹಿಗ್ಗಿಸಿ ಕಿವಿಗೆ ಕೊಡುತ್ತದೆ. ಎಲ್ಲಕ್ಕಿಂತ ದೊಡ್ಡದು, ಎದುರಿನವರು ಮಾತಾಡಿದ್ದನ್ನು ಆಗಿಂದಾಗಲೇ ಪರದೆಯ ಮೇಲೆ ಬರೆದು ತೋರಿಸುತ್ತದೆ. ಕೊನೆಗೆ, ಪರದೆಯ ಮೇಲೆ ಮೂರು ಬೆರಳು ಕೆಳಗೆ ಎಳೆದರೆ ಅದರ ಫೋಟೋ ಉಳಿಯುತ್ತದೆ ಎಂದೂ ಕಲಿಸಿದರು. ಹೊರಡುವಾಗ ನನ್ನ ಬೆನ್ನಿಗೆ ಒಂದು ಏಟು ಹಾಕಿ, "ಮನಿಯಾಗ ಮೊದ್ಲ ಹಚ್ಚಿ ನೋಡ್ರಿ," ಎಂದರು.

ಮನೆಯಲ್ಲಿ ಮೊದಲ ದಿನವೇ ಎಡವಟ್ಟು. ನಾವು ಮಾತಾಡುವುದು ತುಳು, ಫೋನಿಗೆ ತುಳು ಬರುವುದಿಲ್ಲ. ಹೆಂಡತಿ ಏನೋ ಹೇಳಿದಳು, ಫೋನು ಕನ್ನಡದಲ್ಲಿ ಯಾವುದೋ ಊರು, ಎಮ್ಮೆ, ಚುನಾವಣೆ ಎಂದೆಲ್ಲ ಬರೆಯಿತು. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಆಮೇಲೆ ಅವಳು ಸೆರಗು ಸರಿಮಾಡಿಕೊಂಡು ನೆಂಟರ ಹತ್ತಿರ ಮಾತಾಡುವ ಹಾಗೆ, "ನೀವು ಚಹಾ ಕುಡಿಯುತ್ತೀರಾ?" ಎಂದು ಕನ್ನಡದಲ್ಲಿ ಕೇಳಿದಳು. ಅಷ್ಟೂ ಅಕ್ಷರ ಸರಿಯಾಗಿ ಬಂತು. ಮದುವೆಯಾಗಿ ಇಪ್ಪತ್ತೆಂಟು ವರ್ಷದ ಮೇಲೆ ಗಂಡ ಹೆಂಡತಿ ಕನ್ನಡದಲ್ಲಿ ಮಾತಾಡತೊಡಗಿದೆವು. ಅವಳು ಬೆನ್ನು ಹಾಕಿ ಪಾತ್ರೆ ತೊಳೆಯುತ್ತ ಗೊಣಗಿದ್ದೂ ಪರದೆಯ ಮೇಲೆ ಬಂತು: "ಇಷ್ಟು ದಿನ ಗೋಡೆಯ ಹತ್ತಿರ ಮಾತಾಡಿದ ಹಾಗೆ ಇತ್ತು." ನಾನು ಓದಿದೆನೆಂದು ಅವಳಿಗೆ ಹೇಳಲಿಲ್ಲ.

ಅಡುಗೆಮನೆಯ ಪ್ರಯೋಗವನ್ನು ಕದ್ದು ಮಾಡಬೇಕಿತ್ತು. ಮೊದಲು ಇಯರ್‌ಫೋನ್. ಟೊಪ್ಪಿಯೊಳಗಿಂದ ವಯರು ಇಳಿಸಿ ಒಂದು ಕಿವಿಗೆ ಸಿಕ್ಕಿಸಿಕೊಂಡೆ. ಎಕ್ಸಾಸ್ಟ್ ಫ್ಯಾನು, ಗ್ರೈಂಡರು, ಒಗ್ಗರಣೆ ಎಲ್ಲವನ್ನೂ ಅದು ಹಿಗ್ಗಿಸಿ ತಲೆಯೊಳಗೆ ಸುರಿಯಿತು; ಮಾತು ಮಾತ್ರ ಅದರ ಅಡಿಯಲ್ಲೆಲ್ಲೋ. ಅರ್ಧ ಗಂಟೆಯಲ್ಲಿ ಕಿತ್ತು ಕಿಸೆಗೆ ಹಾಕಿದೆ. ಮರುದಿನ ಬರೆದು ತೋರಿಸುವುದನ್ನು ಹಿಡಿದೆ. ತವಾದ ಮುಂದೆ, ಗೋಡೆಯ ಮೇಲಿನ ಮಸಾಲೆ ಡಬ್ಬಿಗಳ ಹಲಗೆಯಲ್ಲಿ ಫೋನು ಒರಗಿಸಿ ಇಟ್ಟೆ. ಭಾಷೆ ಕನ್ನಡ ಇಟ್ಟರೆ ಹಿಂದಿ ಅಂಕೆಗಳು ಎಲ್ಲಿಗೋ ಹೋಗುತ್ತವೆ, ಹಿಂದಿ ಇಟ್ಟರೆ ಸಪ್ಲಾಯರು ನಡುನಡುವೆ ತುಳುವಿನಲ್ಲಿ ಹೇಳುವ "ಬೇಗ ಕೊಡಿ ಮಾಸ್ಟ್ರೆ" ಎಲ್ಲ ಕಲಸುಮೇಲೋಗರ. ಮೂರು ದಿನ ನೋಡಿ ಹಿಂದಿಯೇ ವಾಸಿ ಎಂದು ಇಟ್ಟೆ. ನಮ್ಮ ತಿಂಡಿಗಳ ಹೆಸರನ್ನು ಮೊದಲೇ ಬರೆದು ಕಲಿಸುವ ಜಾಗವೂ ಅದರಲ್ಲಿತ್ತು. ಸೆಟ್‌ದೋಸೆ, ಮೈಸೂರು, ಕಡಕ್, ಜೈನ್ ಎಲ್ಲ ರೈಲಿನಲ್ಲಿ ಕೂತು ತುಂಬಿಸಿದೆ. ಹಾಗೆ ತುಂಬಿಸುವಾಗ ಇನ್ನೂ ಏನೇನೋ ಒತ್ತಿದೆ.

ಎರಡು ದಿನ ಅದು ನನ್ನ ಮಾನ ಕಾಪಾಡಿತು. "ಮಾಸ್ಟ್ರೆ ಇವತ್ತು ಫಾರ್ಮಿನಲ್ಲಿದ್ದಾರೆ" ಎಂದು ಯಾರೋ ಹೊಗಳಿದರು ಕೂಡ. ಆದರೆ ತವಾದ ಬಿಸಿ ಫೋನಿಗೆ ಒಗ್ಗಲಿಲ್ಲ. ಮಧ್ಯಾಹ್ನ ಆಗುವಾಗ ಅದರ ಬೆನ್ನು ಸುಡುತ್ತಿತ್ತು, ಪರದೆ ತಾನೇ ಮಂಕಾಗುತ್ತಿತ್ತು. ಮೇಲಿಂದ ಎಣ್ಣೆಯ ಹಬೆ. ಅಂಗಿಯ ತುದಿಯಿಂದ ಒರೆಸಿ ನೋಡುವಷ್ಟರಲ್ಲಿ ಸಾಲುಗಳು ಮೇಲೆ ಹೋಗಿರುತ್ತಿದ್ದವು.

ಶನಿವಾರ ಮಧ್ಯಾಹ್ನ ಹೋಟೆಲು ತುಂಬಿತ್ತು. ತವಾದ ಮೇಲೆ ಆರು, ಬಾಯಲ್ಲಿ ಎಣಿಕೆ, ಫೋನಿನ ಪರದೆ ಕಪ್ಪಗಾಗುವ ಹಂತದಲ್ಲಿ. ಒಂದು ಟೇಬಲ್ಲಿಗೆ ಎರಡು ಮಸಾಲೆ ಕಳಿಸಿದೆ. ಐದು ನಿಮಿಷದಲ್ಲಿ ಎರಡೂ ತಟ್ಟೆ ವಾಪಸು ಬಂದವು. ಪುಣ್ಯಕ್ಕೆ ಈ ಸಲ ಗಿರಾಕಿ ಮೊದಲೇ ಮುರಿದು ನೋಡಿದ್ದರು. ಬಾಯಿಗೆ ಹೋಗಿರಲಿಲ್ಲ, ಆದರೆ ಎದ್ದು ಹೋಗಿದ್ದರು.

ಟೇಬಲ್ಲು ಮತ್ತೆ ಹಿರಿಯ ಸಪ್ಲಾಯರನದು. ಧಣಿ ಕ್ಯಾಶಿನ ಗಲ್ಲೆಯಿಂದ ಎದ್ದು ಒಳಗೆ ಬಂದರು. ಅವರ ಸಿಟ್ಟು ಜೋರಿನದ್ದಲ್ಲ, ಹತ್ತಿರ ಬಂದು ಮುಖ ನೋಡಿ ಮಾತಾಡುವ ಜಾತಿಯದು, ಹಾಗಾಗಿ ನನಗೆ ಎಲ್ಲ ಕೇಳಿಸಿತು.

"ಜೈನ್ ಅಂತ ಕೂಗಿದ್ದೀಯಾ ಇಲ್ವಾ?"

"ಕೂಗಿದ್ದೇನೆ ಧಣಿ. ತಾಯಾಣೆ."

ಧಣಿ ನನ್ನ ಕಡೆ ತಿರುಗಿದರು. "ಮಾಸ್ಟ್ರೆ?"

ಹಲಗೆಯ ಮೇಲಿನ ಫೋನು ಅವರ ಕಣ್ಣಿಗೆ ಬೀಳದ ಹಾಗೆ ನಾನು ಸ್ವಲ್ಪ ಪಕ್ಕಕ್ಕೆ ಸರಿದೆ. "ಇವತ್ತೂ ಕೂಗಲಿಲ್ಲ," ಅಂದೆ. ಮೊದಲ ಸಲದ್ದು ಸುಳ್ಳೋ ನಿಜವೋ, ಈ ಸಲ ಹೇಳುವಾಗ ಅದು ಸುಳ್ಳೆಂದು ನನ್ನ ನಾಲಿಗೆಗೆ ಗೊತ್ತಿತ್ತು.

"ಸೋಮವಾರದಿಂದ ನೀನು ಅಂಬರನಾಥಕ್ಕೆ ಹೋಗು," ಎಂದರು ಧಣಿ ಅವನಿಗೆ. ಅಲ್ಲಿ ಕಾರ್ಖಾನೆಯೊಂದರ ಕ್ಯಾಂಟೀನು ಅವರದೇ. ಗಿರಾಕಿಯ ಮುಖ ನೋಡಿ ಏನು ಬೇಕೆಂದು ಹೇಳಬಲ್ಲ ಮನುಷ್ಯನಿಗೆ ಅಲ್ಲಿ ಕೆಲಸವೇ ಇಲ್ಲ. ತಟ್ಟೆ ತುಂಬಿ ಮುಂದಕ್ಕೆ ತಳ್ಳುವುದು ಅಷ್ಟೆ. ಅವನು ಹೆಗಲ ಮೇಲಿನ ಬಟ್ಟೆ ತೆಗೆದು ಕಿಟಕಿಯ ಕಟ್ಟೆ ಒರೆಸಿದ, ಕಲೆ ಇಲ್ಲದ ಜಾಗವನ್ನೂ ಒರೆಸಿದ. ಹೊರಡುವಾಗ ಧಣಿ ಫೋನು ನೋಡಿಯೇಬಿಟ್ಟರು. "ತವಾ ಹತ್ತಿರ ಮೊಬೈಲ್ ಎಂತಕ್ಕೆ ಮಾಸ್ಟ್ರೆ? ರೀಲ್ಸು ನೋಡ್ಲಿಕ್ಕಾ?" ಎಂದರು. ಹೌದು ಎನ್ನುವ ಹಾಗೆ ತಲೆ ತಗ್ಗಿಸಿದೆ. ನೋಡಿ, ರೀಲ್ಸು ನೋಡುವವನು ಅನ್ನಿಸಿಕೊಂಡರೂ ಪರವಾಗಿಲ್ಲ, ಕಿವುಡ ಅನ್ನಿಸಿಕೊಳ್ಳಬಾರದು.

ಸಂಜೆ ಕಲ್ಯಾಣ್ ಲೋಕಲ್ಲಿನಲ್ಲಿ ಸೀಟು ಸಿಕ್ಕಿತು, ಅಪರೂಪಕ್ಕೆ. ಫೋನು ತೆಗೆದು, ಇನ್ನು ಇದು ಬೇಡವೆಂದು ಆ ಸೌಕರ್ಯವನ್ನು ಬಂದ್ ಮಾಡಲು ಹೋದೆ. ಪರದೆಯನ್ನು ಕೆಳಕ್ಕೆ ತಳ್ಳಿದೆ. ಮೇಲೆ ಇನ್ನೂ ಇತ್ತು. ತಳ್ಳಿದಷ್ಟೂ ಇತ್ತು. ಬೆಳಗಿನಿಂದ ನಮ್ಮ ಕಿಟಕಿಯಲ್ಲಿ ಕೂಗಿದ್ದೆಲ್ಲ ಸಾಲು ಸಾಲಾಗಿ ದೇವನಾಗರಿ ಅಕ್ಷರದಲ್ಲಿ ಕೂತಿತ್ತು, ಎಡಕ್ಕೆ ಗಂಟೆಯ ಸಮೇತ. ಬರೆದ ಮಾತನ್ನು ಮೂರು ದಿನ ಉಳಿಸಿಟ್ಟು ಆಮೇಲೆ ತಾನೇ ಅಳಿಸುವ ಒಂದು ಏರ್ಪಾಡು ಅದರಲ್ಲಿದೆ. ಏನೇನೋ ಒತ್ತುವಾಗ ಅದನ್ನೂ ಒತ್ತಿದ್ದೆ, ಅಷ್ಟೆ.

ಮುಂಬ್ರಾ ಸ್ಟೇಷನ್ ಬರುವಷ್ಟರಲ್ಲಿ ಪರದೆಯ ಮೇಲೆ ಮಧ್ಯಾಹ್ನದ ಸಾಲುಗಳಿಗೆ ತಲುಪಿದೆ. ಅರ್ಥವಿಲ್ಲದ ನಾಲ್ಕು ಸಾಲು, ಯಾರೋ ನೀರು ಕೇಳಿದ್ದು, ಆಮೇಲೆ ಒಂದು ಅಕ್ಷರವೂ ತಪ್ಪದೆ: "ದೋ ಮಸಾಲಾ. ದೋನೋ ಜೈನ್. ಮಾಸ್ಟರ್, ದೋನೋ ಜೈನ್." ಎರಡೂ ಜೈನ್ ಎಂದು ಅವನು ಎರಡು ಸಲ ಕೂಗಿದ್ದ.

ಸುತ್ತ ಯಾರಾದರೂ ಓದುತ್ತಿದ್ದಾರೋ ಎಂದು ನೋಡಿದೆ. ಯಾರಿಗೆ ಬೇಕು ನನ್ನ ದೋಸೆಯ ಲೆಕ್ಕ! ಅಳಿಸುವ ಕಷ್ಟವೂ ನನಗಿರಲಿಲ್ಲ. ಸುಮ್ಮನೆ ಇದ್ದರೆ ಸಾಕು, ಮಂಗಳವಾರ ಅದೇ ಹೋಗಿಬಿಡುತ್ತದೆ. ಅವನು ಅಷ್ಟು ಹೊತ್ತಿಗೆ ಅಂಬರನಾಥದಲ್ಲಿ ಇರುತ್ತಾನೆ, ನಾನು ತವಾದ ಮುಂದೆ ಇರುತ್ತೇನೆ. ಡೊಂಬಿವಿಲಿ ಬಂದಿತು, ಇಳಿಯುವುದನ್ನು ಮರೆತೆ. ಕಲ್ಯಾಣದವರೆಗೆ ಹೋಗಿ ಅಲ್ಲಿಂದ ವಾಪಸು ಬಂದೆ.

ಭಾನುವಾರ ನನಗೆ ರಜೆ. ನಡೆದದ್ದೆಲ್ಲ ಹೇಳಿ ಹೆಂಡತಿಗೆ ಆ ಸಾಲು ತೋರಿಸಿದೆ. ಅವಳು ಎರಡು ಸಲ ಓದಿ ಫೋನನ್ನು ಮೇಜಿನ ಮೇಲಿಟ್ಟು, ಅದಕ್ಕೆ ತಿಳಿಯುವ ಹಾಗೆ ಬಿಡಿಸಿ ಬಿಡಿಸಿ ಕನ್ನಡದಲ್ಲಿ ಹೇಳಿದಳು. ನಾನು ಓದಿದೆ.

"ಎರಡು ವರ್ಷದಿಂದ ನಾನು ನಿಮಗೋಸ್ಕರ ಸುಳ್ಳು ಹೇಳ್ತಾ ಇದ್ದೇನೆ. ಯಾರು ಫೋನ್ ಮಾಡಿದರೂ ಸ್ನಾನಕ್ಕೆ ಹೋಗಿದ್ದಾರೆ ಅಂತ. ದಿನಕ್ಕೆ ನಾಲ್ಕು ಸಲ ಸ್ನಾನ ಮಾಡುವ ಗಂಡಸು ಈ ಬಿಲ್ಡಿಂಗಿನಲ್ಲಿ ನೀವೊಬ್ಬರೇ. ಇನ್ನು ನನ್ನಿಂದ ಆಗುದಿಲ್ಲ."

"ತವಾದಿಂದ ಇಳಿಸಿದರೆ?" ಅಂದೆ.

ಅವಳು ಎದ್ದು ಪಾತ್ರೆ ತೊಳೆಯಲು ಹೋದಳು, ಪರದೆ ಖಾಲಿ ಉಳಿಯಿತು. ಅಳು ಬಂತು, ಹೇಳಿಕೊಳ್ಳಲು ನಾಚಿಕೆ ಇಲ್ಲ. ಆಮೇಲೆ ಆ ಸಾಲುಗಳನ್ನು ಮತ್ತೆ ಹುಡುಕಿ ತೆಗೆದು, ಪರದೆಯ ಮೇಲೆ ಮೂರು ಬೆರಳು ಕೆಳಗೆಳೆದೆ. ಇನ್ನು ಮಂಗಳವಾರ ಬಂದರೂ ಅದು ಹೋಗುವುದಿಲ್ಲ. ನನ್ನ ಮಟ್ಟಿಗೆ ತೀರ್ಮಾನ ಆದದ್ದು ಆಗಲೇ. ಉಳಿದದ್ದು ಬರೇ ನಡೆದುಕೊಂಡು ಹೋಗಿ ಹೇಳುವುದು.

ಸೋಮವಾರ ನಾನು ಹೋದಾಗ ಧಣಿ ಗಲ್ಲೆಯ ದೇವರಿಗೆ ಊದುಬತ್ತಿ ಹಚ್ಚುತ್ತಿದ್ದರು. ಹಿರಿಯ ಸಪ್ಲಾಯರ್ ತನ್ನ ಎರಡು ಯೂನಿಫಾರ್ಮ್ ಅಂಗಿ ತೆಗೆದುಕೊಂಡು ಹೋಗಲು ಬಂದಿದ್ದ. ಇಬ್ಬರೂ ಇರುವಾಗಲೇ ಫೋನು ಮುಂದೆ ಹಿಡಿದೆ.

ಧಣಿ ಕನ್ನಡಕ ಏರಿಸಿ ಓದಿದರು. "ಇದು ಎಂತ?"

"ಶನಿವಾರ ಇವನು ಕೂಗಿದ್ದು. ಫೋನು ಬರೆದುಕೊಂಡಿದೆ. ಎರಡು ಸಲ ಕೂಗಿದ್ದ. ಬಾ ಅವರ ದೋಸೆಗೂ ಕೂಗಿರಬೇಕು. ನನಗೆ ಕಿವಿ ಕೇಳುದಿಲ್ಲ ಧಣಿ. ಎರಡು ವರ್ಷ ಆಯ್ತು."

ಊದುಬತ್ತಿಯ ಬೂದಿ ಅವರ ಕೈ ಮೇಲೆ ಬಿತ್ತು, ಅವರು ಕೊಡವಲಿಲ್ಲ. ಆಮೇಲೆ ಅವರ ತುಟಿ ಅಲುಗಿದ್ದು ಕಂಡಿತು, ಏನೆಂದು ತಿಳಿಯಲಿಲ್ಲ. ಮೊದಲ ಸಲ ನಾನು ಅಂದಾಜು ಮಾಡದೆ, "ಕೇಳಲಿಲ್ಲ, ಇನ್ನೊಮ್ಮೆ ಹೇಳಿ" ಅಂದೆ.

"ಇವತ್ತು ತವಾ ಮುಟ್ಟಬೇಡಿ," ಎಂದರು ಜೋರಾಗಿ.

ಸಪ್ಲಾಯರನ ಮುಂದೆ ಕೈ ಜೋಡಿಸಿದೆ. ಅವನು ನನ್ನ ಕೈ ಕೆಳಗಿಳಿಸಿ, ಫೋನನ್ನು ಬಾಯಿಯ ಹತ್ತಿರ ಹಿಡಿದು ಹಿಂದಿಯಲ್ಲಿ ಹೇಳಿದ. ಕನ್ನಡದಲ್ಲಿ ಹೇಳುವುದಾದರೆ: ಕಿವಿ ಕೇಳದ್ದು ತಪ್ಪಲ್ಲ ಮಾಸ್ಟ್ರೆ, ನಾನು ಕೂಗಲಿಲ್ಲ ಅಂತ ಹೇಳಿದ್ದು ತಪ್ಪು. ಅಷ್ಟು ಹೇಳಿ ಅಂಗಿಗಳನ್ನು ಮತ್ತೆ ಮೊಳೆಗೆ ನೇತುಹಾಕಿ ಹಾಲಿಗೆ ಹೋದ. ಧಣಿ ತಾವೇ ಒಂದು ಚಹಾ ತೆಗೆದುಕೊಂಡು ಹೋಗಿ ಅವನ ಕೈಗೆ ಕೊಟ್ಟರು.

ನಾಲ್ಕು ದಿನ ನಾನು ತೆಂಗಿನಕಾಯಿ ತುರಿದೆ. ರಾತ್ರಿ ಪಾಳಿಯ ಮಾಸ್ಟರು ಎರಡೂ ಪಾಳಿ ಎಳೆದು ಸೋತುಹೋದ. ಐದನೇ ದಿನ ಸಪ್ಲಾಯರ್ ಧಣಿಯ ಹತ್ತಿರ ಹೋಗಿ ಏನೋ ಮಾತಾಡಿದ. ಆಮೇಲೆ ಮೂವರೂ ಅಡುಗೆಮನೆಯಲ್ಲಿ ನಿಂತು ಒಂದು ಏರ್ಪಾಡು ಮಾಡಿದೆವು. ಫೋನು ತವಾದ ಹತ್ತಿರ ಬೇಡ, ಕಿಟಕಿಯ ಕಟ್ಟೆಯ ಮೇಲೆ, ಪುಟ್ಟ ಫ್ಯಾನಿನ ಎದುರು. ಅಕ್ಷರ ಅತ್ಯಂತ ದೊಡ್ಡದು. ಕೂಗುವವರು ಹಿಂದಿಯಲ್ಲೇ, ಫೋನಿಗೆ ಬಾಯಿ ಕೊಟ್ಟು ಹೇಳಬೇಕು. ಜೈನ್ ಎಂಬುದು ಕೊನೆಗಲ್ಲ, ಮೊದಲು.

ಆದರೆ ನಾನು ಯಾವಾಗ ತಿರುಗಿ ನೋಡಬೇಕು? ಅದನ್ನು ಕಂಡುಹಿಡಿದವನು ಸಪ್ಲಾಯರ್. ಕಿಟಕಿಯಿಂದ ತವಾದವರೆಗೆ ಸ್ಟೀಲಿನ ಕಟ್ಟೆ ಒಂದೇ ತುಂಡು. ಅವನು ಆ ತುದಿಯಲ್ಲಿ ಲೋಟ ಕುಟ್ಟಿದರೆ ಈ ತುದಿಯಲ್ಲಿ ಊರಿದ ನನ್ನ ಎಡಗೈಗೆ ಗೊತ್ತಾಗುತ್ತದೆ. ಜೈನ್ ಆದರೆ ಕುಟ್ಟಿದ ಲೋಟವನ್ನು ಅಲ್ಲೇ ಕವುಚಿ ಇಡುವುದು. ದೋಸೆ ಹೋಗುವವರೆಗೆ ಅದನ್ನು ಯಾರೂ ಎತ್ತಬಾರದು. ಧಣಿ ಎಲ್ಲ ನೋಡಿ, "ಒಂದು ವಾರ ನೋಡುವ. ಕಿವಿಗೆ ಮೆಷಿನ್ ಕೂಡ ಹಾಕಿಸಿಕೊಳ್ಳಿ, ಹಟ ಮಾಡಬೇಡಿ," ಎಂದರು. ಸೀರೆಗಳ ಅಡಿಯಿಂದ ಡಾಕ್ಟರ ಕಾಗದ ಹೊರಗೆ ಬಂತು. ಮೆಷಿನ್ ಈಗ ರೈಲಿನಲ್ಲಿ, ಮನೆಯಲ್ಲಿ ಹಾಕುತ್ತೇನೆ. ಅಡುಗೆಮನೆಯ ಬೆವರಿಗೆ ಅದು ತಾಳುವುದಿಲ್ಲ.

ವಾರ ಕಳೆಯಿತು, ಎರಡು ವಾರವೂ ಕಳೆಯಿತು. ಒಂದೂ ತಪ್ಪಲಿಲ್ಲ. ಸಪ್ಲಾಯರ್ ಕೆಲಸಕ್ಕೆ ಬೇಕಾದಷ್ಟೇ ಮಾತಾಡುತ್ತಿದ್ದ, ಅದೂ ಫೋನಿನ ಹತ್ತಿರ. ಅಂಕೆ, ತಿಂಡಿಯ ಹೆಸರು, ಅಷ್ಟೆ. ನನಗೆ ಬೇಜಾರಿತ್ತು, ಆದರೆ ಕೇಳುವ ಮುಖ ಇರಲಿಲ್ಲ.

ಒಂದು ಗುರುವಾರ, ಗಿರಾಕಿ ಕಡಿಮೆಯಾದ ಹೊತ್ತಿನಲ್ಲಿ, ಎಡಗೈಗೆ ಲೋಟದ ಪೆಟ್ಟು ಬಂತು. ತಿರುಗಿದೆ. ಲೋಟ ಕವುಚಿ ಇತ್ತು. ಪರದೆಯ ಮೇಲೆ, "ಜೈನ್ ಮಸಾಲಾ ಏಕ್. ಬಾ ಆಯೀ ಹೈ." ಕಿಟಕಿಯಿಂದ ಬಗ್ಗಿ ನೋಡಿದೆ. ಅದೇ ಮೂಲೆಯ ಟೇಬಲ್ಲು, ಬಿಳಿ ಸೀರೆ. ಸಪ್ಲಾಯರ್ ಮೂರು ದಿನ ಬಸದಿಯ ಬಾಗಿಲಿಗೆ ಹೋಗಿ ಕಾದು, ನಡೆದದ್ದೆಲ್ಲ ಹೇಳಿ, ಕರೆತಂದಿದ್ದನೆಂದು ಧಣಿ ಆಮೇಲೆ ಹೇಳಿದರು.

ತವಾ ಎರಡು ಸಲ ತೊಳೆದೆ. ಸಟ್ಟುಗ ಬದಲಿಸಿದೆ. ಬಾಳೆಕಾಯಿ ಪಲ್ಯವನ್ನು ಮೂಸಿ ನೋಡಿ ತುಂಬಿಸಿದೆ. ದೋಸೆ ಹೋಯಿತು. ಅವರು ಒಂದು ಬದಿಯಿಂದ ಮುರಿದು, ಒಳಗೆ ನೋಡಿ, ತಿನ್ನತೊಡಗಿದರು. ಪೂರ್ತಿ ತಿಂದರು. ನಾನು ನೋಡುತ್ತಲೇ ನಿಂತಿದ್ದೆ.

ಮತ್ತೆ ಕೈಗೆ ಲೋಟದ ಪೆಟ್ಟು. ಕಿಟಕಿಯಲ್ಲಿ ಅವನಿದ್ದ, ಕವುಚಿದ ಲೋಟ ಎತ್ತಿ ನೇರ ಇಟ್ಟಿದ್ದ. ಫೋನಿನ ಮೇಲೆ ಅರ್ಥವಿಲ್ಲದ ಒಂದು ಸಾಲು ಮೂಡಿತು. ತುಳುವಿನಲ್ಲಿ ಏನೋ ಅಂದಿದ್ದ. ಅದನ್ನು ನೋಡಿ ಮುಖ ಕಿವುಚಿ, ಬಗ್ಗಿ, ಬಿಡಿಸಿ ಬಿಡಿಸಿ ಹಿಂದಿಯಲ್ಲಿ ಹೇಳಿದ. ಹೆಬ್ಬೆರಳಿನಷ್ಟು ದೊಡ್ಡ ಅಕ್ಷರದಲ್ಲಿ ಬಂತು: "ಮಾಸ್ಟರ್, ಖಾನಾ ಹುವಾ ಕ್ಯಾ?"

ಗೋಡೆಯ ಗಡಿಯಾರದಲ್ಲಿ ಮೂರು ಗಂಟೆ. ಊಟ ಆಗಿಲ್ಲ ಎಂದು ತಲೆಯಾಡಿಸಿದೆ. ಅವನು ಬನ್ನಿ ಎಂದು ಕೈಸನ್ನೆ ಮಾಡಿ ಎಲೆ ಹಾಕಲು ಹೋದ. ನಾನು ಒಲೆ ಸಣ್ಣಗೆ ಮಾಡಿದೆ, ಕೈ ಒರೆಸಿಕೊಳ್ಳಲು ಬಟ್ಟೆ ಸಿಗಲಿಲ್ಲ. ಹಿಟ್ಟಿನ ಕೈಯಲ್ಲೇ ಆ ಸಾಲಿನ ಮೇಲೆ ಮೂರು ಬೆರಳು ಕೆಳಗೆಳೆದೆ.